ರಿಕವರಿ ರಾಯರು

ಹಾರ್ಡ್ ಡಿಸ್ಕ್ ಕೈಕೊಟ್ಟ ಮನೆಗೆ ರಿಕವರಿ ರಾಯರನ್ನು ಯಾರೂ ಕರೆಯಬೇಕಿಲ್ಲ. ಬೆಳಿಗ್ಗೆ ಲಿಫ್ಟಿನಲ್ಲಿ ಒಂದು ಮಾತು ಬಾಯಿಬಿಟ್ಟರೆ ಸಾಕು, ಸಂಜೆ ಕಾಫಿಯ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಾರೆ. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಟೆಸ್ಟರ್, ಕಂಕುಳಲ್ಲಿ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಸ್ಕ್ರೂಡ್ರೈವರ್ ಸೆಟ್ಟು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೆಸರು ಬೇರೆಯಿರಬಹುದು, ಸೆಟ್ಟು ಮಾತ್ರ ಅದೇ. ಸಾರ್ವಜನಿಕ ಉದ್ಯಮವೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದವರು. ಅಲ್ಲಿ ಇವರ ಕೆಲಸಕ್ಕೂ ಕಂಪ್ಯೂಟರಿಗೂ ಏನು ನಂಟಿತ್ತೆಂದು ಕೇಳಬಾರದು. "ನಾವು ಫ್ಲಾಪಿ ಕಾಲದವರು ಕಣ್ರೀ" ಎಂಬುದೇ ಅವರ ಪದವಿ.

ಮೊನ್ನೆ ಕೈಕೊಟ್ಟದ್ದು ಎರಡನೇ ಮಹಡಿಯ ಟೀಚರಮ್ಮನವರ ಡಿಸ್ಕು. ಅದರಲ್ಲಿ ಏನಿತ್ತು ಎಂದು ರಾಯರು ವಿಚಾರಿಸಿದಾಗ "ಅಂಥಾದ್ದೇನಿಲ್ಲ, ಹಳೇ ಫೋಟೋಗಳು" ಎಂದರು. ಐದು ನಿಮಿಷಕ್ಕೆ ಮಗನ ಮುಂಜಿಯ ವಿಡಿಯೋ ನೆನಪಾಯಿತು. ಕಾಫಿ ಲೋಟ ಒಳಗೆ ಹೋಗುವಷ್ಟರಲ್ಲಿ ತೀರಿಹೋದ ತಂದೆಯವರ ಗಮಕ ವಾಚನ. ಆಮೇಲೆ ಸೈಟಿನ ಕ್ರಯಪತ್ರದ ಸ್ಕ್ಯಾನು. ಕೊನೆಗೆ ದನಿ ಸಣ್ಣಗಾಗಿ, ತವರೂರಿನ ಬಗ್ಗೆ ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ಪುಸ್ತಕ. ಡಿಸ್ಕು ನೆಟ್ಟಗಿರುವಾಗ ಅದರಲ್ಲೇನಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಅದು ಕಣ್ಣು ಮುಚ್ಚಿದ ಮೇಲೆಯೇ ಆಸ್ತಿಪಟ್ಟಿ ಹೊರಬರುವುದು.

ರಾಯರು ಡಿಸ್ಕನ್ನು ಕೈಗೆತ್ತಿಕೊಂಡು, ಅಂಗಡಿಯಲ್ಲಿ ತೆಂಗಿನಕಾಯಿ ಆರಿಸುವವರಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಮೇಲೆ ಲ್ಯಾಪ್‌ಟಾಪಿಗೆ ಚುಚ್ಚಿದರು. ಟಕ್, ಟಕ್, ಟಕ್.

"ಹೆಡ್ ಪ್ರಾಬ್ಲಮ್ಮು" ಎಂದರು.

ಸಂಕಟವೇನೆಂದರೆ, ರಾಯರ ರೋಗನಿರ್ಣಯ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಭಯಪಡಬೇಕಾದದ್ದು ಚಿಕಿತ್ಸೆಗೆ. ಇಂಥ ಪುಟ್ಟ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸಲ, ಅಂದರೆ ಸೆಕೆಂಡಿಗೆ 90 ಸಲ ಸುತ್ತುತ್ತದೆ. ಓದುವ ಹೆಡ್ಡು ಅದಕ್ಕೆ ತಾಗದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರಬೇಕು. ಆ ಸಂದಿಯಲ್ಲಿ ಬೆರಳಚ್ಚಿನ ಜಿಡ್ಡಿಗೂ ಜಾಗವಿಲ್ಲ. ಹೆಡ್ಡು ಕೆಟ್ಟಾಗ ಅದು ತನ್ನ ಜಾಗ ಹುಡುಕಿ ಸಿಗದೆ ಮತ್ತೆ ಮತ್ತೆ ಹೋಗಿ ಬರುತ್ತದೆ. ಆ ಟಕ್ ಟಕ್ ಅದೇ. ಮುರಿದ ಹೆಡ್ಡಾದರೆ ಪ್ರತಿ ಸುತ್ತಿಗೂ ತಟ್ಟೆಯ ಕಾಂತಪದರವನ್ನೇ ಕೆರೆಯುತ್ತದೆ. ಮಗನ ಮುಂಜಿ ಇರುವುದು ಆ ಪದರದಲ್ಲೇ. ಒಮ್ಮೆ ಪುಡಿಯಾಗಿ ಉದುರಿದ ಮೇಲೆ ಯಾವ ಪ್ರಯೋಗಾಲಯವೂ ಅದನ್ನು ಗುಡಿಸಿ ಜೋಡಿಸಲಾರದು. ಆದ್ದರಿಂದ ಶಬ್ದ ಕೇಳಿದೊಡನೆ ಕಿತ್ತಿಟ್ಟು ಸುಮ್ಮನಿರಬೇಕು.

ಸುಮ್ಮನಿರುವುದೊಂದನ್ನು ಬಿಟ್ಟು ರಾಯರಿಗೆ ಎಲ್ಲವೂ ಬರುತ್ತದೆ.

"ಇನ್ನೊಂದ್ಸಲ ಕೇಳೋಣ" ಎಂದು ಮತ್ತೆ ಚುಚ್ಚಿದರು. ಬೇರೆ ಕೇಬಲ್ ಹಾಕಿ ಚುಚ್ಚಿದರು. ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳಿದಾಗ ರಾಯರ ಬೆರಳು 'ಯೆಸ್' ಕಡೆ ಹೊರಟಿದ್ದನ್ನು ನಾನೇ ಕಂಡೆ. ಹಿಂದೆ ಯಾರದೋ ಮನೆಯಲ್ಲಿ ಅಳಿಸಿಹೋದ ಫೋಟೋ ಹುಡುಕಲು ತಂದ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಿ, ಫೋಟೋ ಇದ್ದ ಜಾಗದಲ್ಲಿ ತಂತ್ರಾಂಶವನ್ನೇ ಕೂರಿಸಿದ ಕೀರ್ತಿ ಇವರದು. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವೊಂದಿದೆ. ಡಿಸ್ಕಿಗೆ ಇನ್ನೂ ಸ್ವಲ್ಪ ಜೀವವಿದ್ದರೆ ಅದು ಮೊದಲು ಸುಲಭವಾಗಿ ಓದಲಾಗುವ ಭಾಗಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಹಟಮಾರಿ ಭಾಗಗಳನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ರಾಯರಿಗೆ ಅದು ಸೇರದು. ದಿನಗಟ್ಟಲೆ ಓಡುತ್ತದೆ, ಪಕ್ಕದಲ್ಲಿ ಕೂತವರಿಗೆ ಒತ್ತಲು ಒಂದು ಬಟನ್ನೂ ಇರುವುದಿಲ್ಲ.

"ಜಿಪ್ ಕವರ್ ಇದೆಯೇನಮ್ಮಾ?"

ಫ್ರಿಜ್ಜಿನ ಕಾಂಡ ಶುರುವಾಯಿತೆಂದು ಎಲ್ಲರಿಗೂ ಗೊತ್ತಾಯಿತು. ರಾಯರಿಗೆ ಅನ್ಯಾಯವಾಗಬಾರದು, ಈ ಮದ್ದು ಪೂರಾ ಸುಳ್ಳಲ್ಲ. ತೊಂಬತ್ತರ ದಶಕದ ಕೆಲವು ಡಿಸ್ಕುಗಳಲ್ಲಿ ಹೆಡ್ಡು ತಟ್ಟೆಗೆ ಅಂಟಿಕೊಳ್ಳುತ್ತಿತ್ತು. ತಣ್ಣಗಾಗಿ ಕುಗ್ಗಿದಾಗಲೋ, ಪಕ್ಕಕ್ಕೆ ಮೆಲ್ಲಗೆ ತಟ್ಟಿದಾಗಲೋ ಬಿಟ್ಟುಕೊಂಡು ಒಂದಷ್ಟು ಹೊತ್ತು ಓಡಿದ್ದೂ ಉಂಟು. ಹಾಗೆ ಓಡಿದ ಒಂದು ಡಿಸ್ಕು ರಾಯರ ಕೈಗೂ ಸಿಕ್ಕಿರಬೇಕು. ಆ ಒಂದರ ಬಲದ ಮೇಲೆ ಅವರು ಇಡೀ ಬಡಾವಣೆಯ ಡಿಸ್ಕುಗಳನ್ನು ಬಟಾಣಿ ಪೊಟ್ಟಣದ ಪಕ್ಕ ಮಲಗಿಸಿದ್ದಾರೆ. ಈಗಿನ ಡಿಸ್ಕನ್ನು ಹೀಗೆ ತಣ್ಣಗೆ ಮಾಡಿ ಹೊರತೆಗೆದರೆ ಒಳಗೆ ನೀರಾಡುತ್ತದೆ. ಆ ತೇವದ ಮೇಲೆ ಹೆಡ್ಡು ಓಡಬೇಕು.

ಅಷ್ಟರಲ್ಲಿ ಅಮೆರಿಕದಿಂದ ಮಗನ ವಿಡಿಯೋ ಕಾಲ್.

"ಅಂಕಲ್, ದಯವಿಟ್ಟು ಅದನ್ನ ಮುಟ್ಬೇಡಿ. ಲ್ಯಾಬಿಗೆ ಕಳಿಸೋಣ."

"ನೋಡಪ್ಪಾ" ಎಂದರು ರಾಯರು, ಬಹಳ ಪ್ರೀತಿಯಿಂದಲೇ. "ನೀನು ಸಾಫ್ಟ್‌ವೇರು. ಇದು ಹಾರ್ಡ್‌ವೇರು."

ಹುಡುಗನ ಬಾಯಿ ಕಟ್ಟಿತು. ಅದರ ಮೇಲೆ ರಾಯರು ಕೊಲಂಬಿಯಾ ಪುರಾಣ ತೆಗೆದರು. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಆ ನೌಕೆ ಆಕಾಶದಲ್ಲೇ ಚೂರಾಯಿತಲ್ಲ, ಅದರಲ್ಲಿದ್ದ ಒಂದು ಪ್ರಯೋಗದ ಹಾರ್ಡ್ ಡಿಸ್ಕು ಸುಟ್ಟು ಕರಕಲಾಗಿ ನೆಲಕ್ಕೆ ಬಿದ್ದಿತ್ತು. ಅದರಿಂದಲೂ ನೂರಕ್ಕೆ 99 ಪಾಲು ಮಾಹಿತಿ ತೆಗೆದರು. "ಆಕಾಶದಿಂದ ಬಿದ್ದದ್ದೇ ಉಳೀತು, ಟೀಪಾಯಿಂದ ಬಿದ್ದದ್ದು ಉಳಿಯಲ್ವೇ?"

ಕಥೆ ನಿಜ. ಆದರೆ ರಾಯರು ಅರ್ಧಕ್ಕೇ ಮಂಗಳ ಹಾಡುತ್ತಾರೆ. ಆ ಡಿಸ್ಕು ಸಿಕ್ಕಿದವರು ಅದಕ್ಕೆ ಕರೆಂಟ್ ಕೊಟ್ಟು ನೋಡಲಿಲ್ಲ, ಹಾಗೆಯೇ ಪರಿಣತರಿಗೆ ಕಳಿಸಿದರು. ಅವರು ತಟ್ಟೆಗಳನ್ನು ತೊಳೆದು, ಬೇರೆ ಡ್ರೈವಿನೊಳಗೆ ಕೂರಿಸಿ ಓದಿದರು. ಆ ಡಿಸ್ಕಿನ ಪುಣ್ಯ, ಅದು ಬಿದ್ದ ಟೆಕ್ಸಾಸಿನಲ್ಲಿ ನಮ್ಮ ರಾಯರಿರಲಿಲ್ಲ.

ಬಟಾಣಿಯ ಪಕ್ಕ ಜಾಗ ಸಿಗಲಿಲ್ಲವೆಂದು ರಾಯರು ನೇರ ಶಸ್ತ್ರಚಿಕಿತ್ಸೆಗೇ ಇಳಿದರು. ಸೆಟ್ಟು ಬಿಚ್ಚಿತು. ನಕ್ಷತ್ರದ ಮೂತಿಯ ಸ್ಕ್ರೂಡ್ರೈವರ್ ಹೊರಬಂತು. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು, ದೇವರ ಮನೆಯಿಂದ ಊದುಬತ್ತಿಯ ಹೊಗೆ ಬರುತ್ತಿತ್ತು. ಲ್ಯಾಬಿನವರು ಇದೇ ಕೆಲಸಕ್ಕೆ ಧೂಳನ್ನೆಲ್ಲ ಸೋಸಿದ ಗಾಳಿಯ ಪೆಟ್ಟಿಗೆಯೊಳಗೆ ಕೈ ಹಾಕಿ ಕೂರುತ್ತಾರೆ. ರಾಯರು ಕನ್ನಡಕ ಒರೆಸಿಕೊಂಡರು.

ಟೀಚರಮ್ಮ ಗೋಡೆಯ ಗಡಿಯಾರ ನೋಡಿದರು. "ರಾಯರೇ, ಇವತ್ತು ಭಾನುವಾರ. ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ."

ಫ್ಲಾಪಿ ಕಾಲದವರು ರಾಹುಕಾಲ ಮೀರುವುದುಂಟೇ? ಸ್ಕ್ರೂಡ್ರೈವರ್ ತನ್ನ ಗೂಡಿಗೆ ಮರಳಿತು. ಬೆಳಿಗ್ಗೆ ಬರುತ್ತೇನೆಂದು ಹೊರಟರು. ಬೆಳಿಗ್ಗೆ ಅವರು ವಾಕಿಂಗ್ ಮುಗಿಸುವ ಮೊದಲೇ ಟೀಚರಮ್ಮ ಡಿಸ್ಕನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದ್ದರು.

ಲ್ಯಾಬಿನ ಹುಡುಗ ಕೇಳಿದನಂತೆ: ಯಾರಾದರೂ ಬಿಚ್ಚಿದ್ದಾರಾ? ಶಬ್ದ ಬಂದ ಮೇಲೆ ಎಷ್ಟು ಸಲ ಹಾಕಿದ್ದೀರಿ? "ಬಿಚ್ಚಿಲ್ಲಪ್ಪ" ಎಂದರು, ಅದು ಸತ್ಯ. "ಒಂದೇ ಸಲ" ಎಂದರು. ಅಲ್ಲಿಗೆ ಹೋದವರೆಲ್ಲ ಹೇಳುವುದು ಅದನ್ನೇ. ಅದೇ ಮಾದರಿಯ ಇನ್ನೊಂದು ಡಿಸ್ಕು ಹುಡುಕಿ, ಅದರ ಹೆಡ್ಡು ಕಿತ್ತು ಇದಕ್ಕೆ ಹಾಕಿ, ಓದಿದ್ದನ್ನು ಓದಿದ ಹಾಗೆ ನಕಲು ಮಾಡಿಕೊಂಡರು. ಬಿಲ್ಲು ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು. ರಾಯರ ಸೇವೆಗಾದರೆ ಸಕ್ಕರೆಯಿಲ್ಲದ ಒಂದು ಲೋಟ ಕಾಫಿ ಸಾಕಿತ್ತು. ಜೊತೆಗೆ ಕೂತು "ಅಯ್ಯೋ, ತಂದೆಯವರ ದನಿ ಇತ್ತೇನಮ್ಮಾ" ಎಂದು ನಿಜವಾಗಿಯೂ ಮರುಗಿದವರು ಅವರೊಬ್ಬರೇ. ಲ್ಯಾಬಿನ ರಸೀತಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಹೊಸ ಡಿಸ್ಕು ಬಂದ ಸುದ್ದಿ ಲಿಫ್ಟಿನಲ್ಲೇ ಹಬ್ಬಿತು. ರಾಯರು ಹಾಜರು. ಬೇಸರದ ಸುಳಿವೂ ಇಲ್ಲ, ತಾವೇ ಉಳಿಸಿದಷ್ಟು ಸಂತೋಷ. ಒಳಗೆ ಸಾವಿರಾರು ಕಡತಗಳು, ಹಲವಕ್ಕೆ ಹೆಸರೇ ಉಳಿದಿರಲಿಲ್ಲ, ಬರೀ ನಂಬರು. ತಂದೆಯವರ ಗಮಕ ಒಂದು ನಂಬರಿನ ಹಿಂದೆ ಸಿಕ್ಕಿತು. ಇನ್ನೊಂದನ್ನು ತೆರೆದರೆ ಪೌಂಡ್ ಚಿಹ್ನೆ, ಕೊಂಬಿನ ರೋಮನ್ ಅಕ್ಷರ, ಪುಟದ ತುಂಬ ಗಜಿಬಿಜಿ.

"ಇದು ಪೂರ್ತಿ ಕರಪ್ಟ್, ತೆಗೆದುಬಿಡ್ತೀನಿ" ಎಂದು ರಾಯರು ಡಿಲೀಟಿಗೆ ಬೆರಳಿಟ್ಟರು.

"ಅದು ನನ್ನ ಪುಸ್ತಕ ರಾಯರೇ!" ಟೀಚರಮ್ಮ ಕೈ ಹಿಡಿದುಕೊಂಡರು. ಹಳೇ ನುಡಿಯ ಕಡತ ಯುನಿಕೋಡಲ್ಲ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹಾಗೆಯೇ ಕಾಣುತ್ತದೆ. ಫಾಂಟು ಹಾಕಿದೊಡನೆ ತವರೂರಿನ ಕೆರೆ, ತೇರು, ಅಗ್ರಹಾರ ಎಲ್ಲ ಎದ್ದು ಬಂದವು.

ರಾಯರು ಅಲ್ಲಿಗೆ ಬಿಟ್ಟಾರೆಯೇ? "ಒಂದೊಂದು ಫೋಟೋ ಮೂರು ಮೂರು ಸಲ ಇದೆಯಲ್ಲಮ್ಮಾ. ಡೂಪ್ಲಿಕೇಟೆಲ್ಲ ತಾನೇ ಹುಡುಕಿ ಅಳಿಸೋ ಸಾಫ್ಟ್‌ವೇರ್ ಒಂದು ನನ್ನ ಹತ್ರ ಇದೆ. ಭಾನುವಾರ ಮೂರು ಗಂಟೆಗೆ ಬಂದುಬಿಡ್ತೀನಿ."

"ಮೂರಕ್ಕೆ ನಾನು ಮಲಗಿರ್ತೀನಿ ರಾಯರೇ" ಎಂದರು ಟೀಚರಮ್ಮ. "ನಾಲ್ಕೂವರೆ ಮೇಲೆ ಬನ್ನಿ."