ಬೆಕ್ಕಿನಮ್ಮನ ಖಾನೇಷುಮಾರಿ

ಮೈಸೂರಿನ ಯಾವ ಹಳೇ ಬಡಾವಣೆಗೆ ಹೋದರೂ ಒಬ್ಬರು ಬೆಕ್ಕಿನಮ್ಮ ಇದ್ದೇ ಇರುತ್ತಾರೆ. ಅವರ ನಿಜವಾದ ಹೆಸರು ಪೋಸ್ಟ್‌ಮ್ಯಾನ್‌ಗೆ ಗೊತ್ತಿದ್ದರೆ ಸಾಕು, ಉಳಿದವರಿಗೆ ಬೇಕಾಗಿಲ್ಲ. ನಮ್ಮ ಸರಸ್ವತಿಪುರಂ ಬೆಕ್ಕಿನಮ್ಮನವರನ್ನು ಮದುವೆಮನೆಯ ಗದ್ದಲದಲ್ಲೂ ಪತ್ತೆಹಚ್ಚಬಹುದು. ಕಪ್ಪು ಸೀರೆ ಉಟ್ಟರೆ ಬಿಳಿ ಕೂದಲು, ಬಿಳಿ ಸೀರೆ ಉಟ್ಟರೆ ಕಪ್ಪು ಕೂದಲು. ಎರಡೂ ಅವರ ತಲೆಯದಲ್ಲ. ಮನೆಯೊಳಗೆ ಈರುಳ್ಳಿಗೂ ತಿಥಿ ನೋಡುವ ಮಡಿವಂತರು. ಆದರೆ ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ಒಂದು ಸ್ಟವ್ ಬೇರೆಯೇ ಇದೆ. ಅದರ ಮೇಲೆ ಬೇಯುವುದೇನೆಂದು ಕೇಳಿದರೆ ‘ಮಕ್ಕಳ ಊಟ’ ಅನ್ನುತ್ತಾರೆ. ವಾಸನೆ ಬೀದಿಯ ತುದಿ ಮುಟ್ಟಿದರೂ ಬೂತಾಯಿ ಎಂಬ ಶಬ್ದ ಅವರ ನಾಲಿಗೆ ಮುಟ್ಟಿದ್ದಿಲ್ಲ.

ಬೆಕ್ಕೆಷ್ಟು ಅಂತ ಮಾತ್ರ ಅವರನ್ನು ಕೇಳಬಾರದು. ಕೇಳಿದರೆ ಉತ್ತರ ಸಿದ್ಧ: “ಮೂರೇ ಮೂರು.” ಮೆಟ್ಟಿಲ ಮೇಲೆ ಮಲಗಿರುವುದು ‘ಬಂದು ಹೋಗೋದು’. ಕಾಂಪೌಂಡ್ ಮೇಲಿನದು ‘ಪಕ್ಕದ ಮನೇದು’. ಅಟ್ಟದ ಮೇಲಿನ ಬಾಣಂತಿ ‘ಮರಿ ಕಣ್ಣು ಬಿಡೋವರೆಗೆ’. ಆ ಮರಿಗಳು ಕಣ್ಣು ಬಿಟ್ಟು, ಬೆಳೆದು, ಅದೇ ಅಟ್ಟದ ಮೇಲೆ ತಾವೂ ಬಾಣಂತಿಯರಾದ ಮೇಲೂ ಲೆಕ್ಕ ಮೂರೇ. ಯಜಮಾನರು ನಿವೃತ್ತ ಗಣಿತದ ಮೇಷ್ಟ್ರು. ಸಂಸಾರ ಉಳಿಯಬೇಕಾದರೆ ಎಲ್ಲಿ ಎಣಿಸಬಾರದು ಅನ್ನುವುದನ್ನು ಬಲ್ಲವರು.

ಆಷಾಢದ ಜಿಟಿಜಿಟಿ ಮಳೆಯಲ್ಲಿ ಮೇಷ್ಟ್ರ ಮುಂಗೈ ಮೇಲೆ ಕೆಂಪು ಚಕ್ರವೊಂದು ಎದ್ದಿತು. ಅಂಚು ಉಬ್ಬಿ, ನಡುವೆ ತಿಳಿಯಾಗಿ, ಕೈವಾರ ಹಿಡಿದು ಎಳೆದಷ್ಟು ಕರಾರುವಾಕ್ಕು. “ಸೊಳ್ಳೆ ಕಚ್ಚಿರಬೇಕು ರೀ” ಅಂದರು ಬೆಕ್ಕಿನಮ್ಮ. ಔಷಧಿ ಅಂಗಡಿಯವನು ಕೊಟ್ಟ ಟ್ಯೂಬಿನಲ್ಲಿ ಸ್ಟಿರಾಯ್ಡ್ ಬೆರೆತಿತ್ತು. ಕಡಿತ ಒಂದು ವಾರ ಶಾಂತವಾಯಿತು, ಆಮೇಲೆ ಚಕ್ರದ ತ್ರಿಜ್ಯ ಹೆಚ್ಚಿತು. ಚರ್ಮದ ಡಾಕ್ಟರು ನೋಡಿದವರೇ ಕೇಳಿದ್ದು ಎರಡು ಪ್ರಶ್ನೆ: ಈ ಮುಲಾಮು ಹಚ್ಚಿ ಅಂದವರು ಯಾರು, ಮನೆಯಲ್ಲಿ ಬೆಕ್ಕಿದೆಯೇ? ಹುಳುಕಡ್ಡಿ. ಬೆಕ್ಕಿನಮ್ಮನವರಿಗೆ ಸಿಟ್ಟು ಬಂತು. “ಹಾಗಾದ್ರೆ ಇವರಿಂದ ಮಕ್ಕಳಿಗೆ ಅಂಟಿರಬಹುದಲ್ಲ! ಊರೆಲ್ಲ ತಿರುಗೋದು ಇವರು ತಾನೇ?”

ಅನುಮಾನ ಬಿದ್ದದ್ದು ಕರಿಯನ ಮೇಲೆ. ಕಿವಿ ಹರಿದ ಬೀದಿ ಗಂಡು. ಇಂಥ ಆಪಾದನೆಗೆಂದೇ ಹುಟ್ಟಿದ ಮುಖ. ಜೊತೆಗೆ ನೆಪಮಾತ್ರಕ್ಕೆ ಪಾಷಾನನ್ನೂ ಒಯ್ದರು. ಪಾಷಾ ಪರ್ಷಿಯನ್, ಮಗಳ ಸಹೋದ್ಯೋಗಿ ಯಾರೋ ವಿದೇಶಕ್ಕೆ ಹೋಗುವಾಗ ಬುಟ್ಟಿ, ಬಾಚಣಿಗೆ ಸಮೇತ ಬಿಟ್ಟುಹೋದದ್ದು. ಕಾರು ನನ್ನದಾದ್ದರಿಂದ ನಾನೂ ಅಲ್ಲಿದ್ದೆ.

ಪಶುವೈದ್ಯರು ಕೋಣೆ ಕತ್ತಲೆ ಮಾಡಿ ವುಡ್ಸ್ ಲ್ಯಾಂಪ್ ಹಿಡಿದರು. ಬೆಕ್ಕಿಗೆ ಹುಳುಕಡ್ಡಿ ತರುವುದು ಹೆಚ್ಚಾಗಿ ಮೈಕ್ರೋಸ್ಪೋರಮ್ ಕ್ಯಾನಿಸ್ ಅನ್ನುವ ಶಿಲೀಂಧ್ರ. ಅದು ಹತ್ತಿದ ಕೂದಲು ಆ ನೇರಳೆ ಬೆಳಕಿನಲ್ಲಿ ಹಸಿರು ಸೇಬಿನ ಬಣ್ಣಕ್ಕೆ ಹೊಳೆಯುತ್ತದೆ. ಕರಿಯ ಕತ್ತಲೆಯಲ್ಲಿ ಕತ್ತಲೆಯಾಗಿಯೇ ಉಳಿದ. ಪಾಷಾನ ಕಿವಿಯ ಹಿಂದೆ, ಗದ್ದದ ಕೆಳಗೆ, ದಸರಾ ದೀಪ.

“ಒಳ್ಳೇ ಮನೆತನದ್ದು ಡಾಕ್ಟ್ರೇ!” ಅಂದರು ಬೆಕ್ಕಿನಮ್ಮ.

“ಉದ್ದ ಕೂದಲಿನವು ಹಾಗೇ ಅಮ್ಮಾ. ತಮಗೆ ಏನೂ ಆಗದ ಹಾಗೆ ಇದ್ದು ಎಲ್ಲರಿಗೂ ಹಂಚ್ತವೆ. ಮನೇಲಿ ಬೆಕ್ಕೆಷ್ಟು?”

“ಮೂರು.”

ಉದುರಿದ ಒಂದು ಕೂದಲಿನ ಮೇಲೆ ಬೀಜಕಣ ವರ್ಷ ದಾಟಿಯೂ ಬದುಕಿರುತ್ತದೆ, ಒಂದನ್ನು ಬಿಟ್ಟು ಒಂದಕ್ಕೆ ಮದ್ದು ಮಾಡಿದರೆ ಪ್ರಯೋಜನವಿಲ್ಲ, ಒಂದೇ ತಟ್ಟೆಯಲ್ಲಿ ತಿನ್ನುವವು, ಒಂದೇ ದಿವಾನದ ಮೇಲೆ ಮಲಗುವವು ಎಲ್ಲ ಸೇರಿಸಿ ಹೇಳಿ, ಅಂದರು ಡಾಕ್ಟರು. ಬೆಕ್ಕಿನಮ್ಮ ಸೆರಗಿನ ಮರೆಯಲ್ಲಿ ಬೆರಳು ಮಡಿಸತೊಡಗಿದರು. ಒಂದು ಕೈ ಮುಗಿಯಿತು. ಇನ್ನೊಂದೂ ಮುಗಿಯಿತು. ಮತ್ತೆ ಮೊದಲ ಕೈಗೆ ಬಂದಾಗ ಮೇಷ್ಟ್ರು ಓದುತ್ತಿದ್ದ ಪೇಪರನ್ನು ನಿಧಾನವಾಗಿ ಕೆಳಗಿಳಿಸಿದರು. “ಹನ್ನೆರಡು ಅಂತ ಬರ್ಕೊಳ್ಳಿ” ಅಂದರು ಬೆಕ್ಕಿನಮ್ಮ, ತರಕಾರಿಯವನಿಗೆ ಕೊಸರು ಬಿಟ್ಟುಕೊಡುವ ದನಿಯಲ್ಲಿ.

ಮುಂದಿನ ನಿಯಮಗಳನ್ನು ಡಾಕ್ಟರು ಅಂಜುತ್ತಂಜುತ್ತ ಹೇಳಿದರು: ರೋಗಿಗಳಿಗೆ ಬೇರೆ ಕೋಣೆ, ಬೇರೆ ತಟ್ಟೆ, ಮೊದಲು ಆರೋಗ್ಯವಂತರ ಆರೈಕೆ, ಕೊನೆಗೆ ರೋಗಿಗಳದು, ಮುಟ್ಟಿದ ಮೇಲೆ ಕೈ ತೊಳೆದು ಬಟ್ಟೆ ಬದಲಾಯಿಸಿ ಮಿಕ್ಕವರ ಹತ್ತಿರ ಹೋಗಬೇಕು. ಬೆಕ್ಕಿನಮ್ಮ ಅವರನ್ನು ಕನಿಕರದಿಂದ ನೋಡಿದರು. ಅತ್ತೆಯವರ ಕಾಲದಲ್ಲಿ ಮಡಿಕೋಲಿನಿಂದ ಸೀರೆ ಇಳಿಸುತ್ತ ಯೌವನ ಕಳೆದವರಿಗೆ ಇದೇನು ಹೊಸ ವಿದ್ಯೆಯೇ? ಆವತ್ತೇ ಮೇಷ್ಟ್ರ ಓದುವ ಕೋಣೆ ಪಾಷಾ ಮತ್ತು ಪರಿವಾರಕ್ಕೆ ಸಂದಿತು. ಮೇಷ್ಟ್ರೂ ಸೋಂಕಿನವರೇ ಆದ್ದರಿಂದ ಅವರೂ ಅಲ್ಲೇ ಇರಲಿ ಎಂಬ ಸಲಹೆ ಬಂದಿತ್ತಂತೆ. ಅವರು ವರಾಂಡಾ ಆರಿಸಿಕೊಂಡರು. ಕೆಲಸದಾಕೆಯ ಕೈಯಿಂದ ಫಿನಾಯಿಲ್ ಬಾಟಲಿ ಕಿತ್ತುಕೊಂಡದ್ದೂ ಆಗಲೇ. ಫೀನಾಲನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಪಾದಕ್ಕಂಟಿದ್ದನ್ನು ನೆಕ್ಕಿಯೇ ವಿಷವಾದೀತು. ಬೇವಿನೆಣ್ಣೆ, ಕರ್ಪೂರ ಹಿಡಿದು ಬಂದ ನೆರೆಯವರನ್ನೂ ಇದೇ ಕಾರಣಕ್ಕೆ ಗೇಟಿನಿಂದಲೇ ಕಳಿಸಿದರು.

ಒಂದು ವಾರ ಔಷಧಿ, ಒಂದು ವಾರ ಬಿಡುವು, ವಾರಕ್ಕೆರಡು ಸಲ ಸ್ನಾನ. ಸ್ನಾನದ ವಿವರ ಬೇಡ. ಬೆಕ್ಕಿನಮ್ಮನವರ ಕೈ ಮೇಲಿನ ಗೀರುಗಳ ಮುಂದೆ ಮೇಷ್ಟ್ರ ಚಕ್ರ ಅಲಂಕಾರದ ಹಾಗೆ ಕಾಣುತ್ತಿತ್ತು ಅಂದರೆ ಸಾಕು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಬೆಕ್ಕಿನಮ್ಮ ಆನ್‌ಲೈನಿನಲ್ಲಿ ಅಂಥದೇ ಒಂದು ನೇರಳೆ ಟಾರ್ಚ್ ತರಿಸಿದರು. 1903ರಲ್ಲಿ ಈ ಬೆಳಕಿನ ದಾರಿ ತೋರಿಸಿದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅವರಿಗೆ, ಒಂದು ದಿನ ಅದು ಸರಸ್ವತಿಪುರದ ನಡುಮನೆಗೆ ಬೀಳುತ್ತದೆಂಬ ಕಲ್ಪನೆ ಇದ್ದಿರಲಾರದು. ರಾತ್ರಿ ದೀಪ ಆರಿಸಿ ಟಾರ್ಚ್ ಹಚ್ಚಿದರೆ ಸೋಂಕಿಗಿಂತ ಮೊದಲು ಇತಿಹಾಸ ಎದ್ದು ನಿಂತಿತು. ಬೆಕ್ಕಿನ ಮೂತ್ರದ ಕಲೆಯೂ ಆ ಬೆಳಕಿಗೆ ಹೊಳೆಯುತ್ತದೆ. ದಿವಾನದ ಕಾಲು, ಟೀವಿಯ ಹಿಂದುಗಡೆ, ಹಾರ್ಮೋನಿಯಂ ಪೆಟ್ಟಿಗೆಯ ಮೂಲೆ... “ನಾದಿನಿ ಮೊಮ್ಮಗ ಬೇಸಿಗೆ ರಜಕ್ಕೆ ಬಂದಿದ್ನಲ್ಲ” ಅಂದರು ಬೆಕ್ಕಿನಮ್ಮ, ಕ್ಷಣವೂ ತಡಮಾಡದೆ. ಹುಡುಗನಿಗೆ ಈಗ ಹತ್ತೊಂಬತ್ತು.

ಆಗಲೇ ಗೇಟು ತೆಗೆದುಕೊಂಡು ಒಳಗೆ ಬಂದವರು ಮಗನ ಜಾತಕ ಕೇಳಲು ಬಂದ ದೂರದ ನೆಂಟರು. ಗರಿಗರಿ ಬಿಳಿ ಪಂಚೆ. ಸೋಪಿನ ಪುಡಿಯಲ್ಲಿ ಬಿಳುಪಿಗೆಂದು ಬೆರೆಸುವ ರಾಸಾಯನಿಕಕ್ಕೂ ಇದೇ ಗುಣ; ಟಾರ್ಚ್ ಬಿದ್ದದ್ದೇ ತಡ, ಮಹಾಶಯರು ಸೊಂಟದಿಂದ ಪಾದದವರೆಗೆ ನೀಲಿಯಾಗಿ ಝಗ್ಗೆಂದರು. “ಅಯ್ಯೋ, ಅಲ್ಲೇ ನಿಲ್ಲಿ! ನಿಮಗೆ ಪೂರಾ ಹತ್ತಿಬಿಟ್ಟಿದೆ!” ಜಾತಕದ ಮಾತು ಅಲ್ಲಿಗೇ ಮುಗಿಯಿತು.

ಗುಣವಾಯಿತೋ ಇಲ್ಲವೋ ನೋಡಲು ಒಂದೊಂದು ಬೆಕ್ಕಿಗೂ ಒಂದೊಂದು ಹೊಸ ಹಲ್ಲುಜ್ಜುವ ಬ್ರಷ್. ಅದರಿಂದ ಮೈಯೆಲ್ಲ ಬಾಚಿ, ಸಿಕ್ಕ ಕೂದಲನ್ನು ಕಲ್ಚರ್‌ಗೆ ಕಳಿಸಬೇಕು. ಬೇಸಿನ್ ಪಕ್ಕದ ಲೋಟದಲ್ಲಿ ಹನ್ನೆರಡು ಹೊಸ ಬ್ರಷ್ಷು, ಅವುಗಳ ನಡುವೆ ಮೇಷ್ಟ್ರದೂ ಒಂದು. ಅವರು ಬೆಳಿಗ್ಗೆ ಅಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿ, ಬೆರಳಿಗೆ ಪೇಸ್ಟ್ ಹಚ್ಚಿಕೊಂಡರು. ಫಲಿತಾಂಶಕ್ಕೆ ಎರಡು ಮೂರು ವಾರ. ಸತತ ಎರಡು ಸಲ ನೆಗೆಟಿವ್ ಬಂದರೇ ಪಾಸು. ಪಾಷಾ ಒಂದು ಸಲ ಫೇಲಾದ. ಕರಿಯ ಮೊದಲಿನಿಂದಲೂ ಡಿಸ್ಟಿಂಕ್ಷನ್. ಆದರೆ ಬೆಕ್ಕಿನಮ್ಮನವರ ಬಾಯಿಂದ ಅವನಿಗೊಂದು ಸಾರಿ ಎಂಬ ಮಾತು ಬರಲಿಲ್ಲ. ಅವತ್ತಿನಿಂದ ಒಂದು ಬೂತಾಯಿ ಹೆಚ್ಚಿಗೆ ಬಿತ್ತು, ಅಷ್ಟೆ.

ಕೊನೆಗೆ ಎಲ್ಲರೂ ಪಾಸಾದರು, ಮೇಷ್ಟ್ರೂ ಸೇರಿ. ಹೊಸದಾಗಿ ಯಾವುದೇ ಬೆಕ್ಕು ಬಂದರೂ ಪರೀಕ್ಷೆಯಾಗುವವರೆಗೆ ಪ್ರತ್ಯೇಕ ಕೋಣೆಯಲ್ಲಿಡಿ ಅಂತ ಡಾಕ್ಟರು ಬೀಳ್ಕೊಡುವಾಗ ಎಚ್ಚರಿಸಿದರು. ಮೇಷ್ಟ್ರು ಆವತ್ತು ಸಂಜೆಯೇ ಓದುವ ಕೋಣೆಗೆ ನುಗ್ಗಿ, ಹೊಸ ಬೀಗ ಹಾಕಿಸಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು.

ಮೊನ್ನೆ ಬೆಕ್ಕಿನಮ್ಮ ನಮ್ಮನೆಗೆ ಬಂದಿದ್ದರು, ಒಂದು ಡಬ್ಬಿ ಕೋಡುಬಳೆ ಹಿಡಿದು. ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. “ಎಷ್ಟು ಬೆಕ್ಕು ಆಂಟಿ ಈಗ?” ಅಂದೆ.

“ಮೂರೇ ಮೂರು” ಅಂದವರು ನಮ್ಮ ಮೆಟ್ಟಿಲ ಕಡೆ ನೋಡಿದರು. “ನಿಮ್ಮ ಮಹಡಿ ಮೇಲಿನ ರೂಮು ಖಾಲೀನೇ ಇದೆಯಲ್ವೇನಮ್ಮಾ?”