ನಿಲ್ ಅನ್ನೋ ನಿಯತ್ತು

ಸ್ವಿಫ್ಟಲ್ಲಿ ಡೆಲಿಗೇಟನ್ನ ‘ಅನ್‌ಓನ್ಡ್ ಅನ್‌ಸೇಫ್’ ಅಂತ ಯಾಕಮ್ಮ ಬರೆದೆ? ವೀಕ್ ನಿಧಾನ ಅಂತ ಯಾರೋ ಹೇಳಿದ್ರಾ? ನಿಧಾನ ಹೌದು, ಒಂಚೂರು. ಆ ಒಂಚೂರಿಗೆ ಏನು ಸಿಗುತ್ತೆ ಅನ್ನೋದನ್ನೂ ನೋಡು.

ಬುಡದಿಂದ ಹೇಳ್ತೀನಿ. ಒಂದು ಆಬ್ಜೆಕ್ಟನ್ನ ಎಷ್ಟು ಕಡೆಯಿಂದ ಹಿಡ್ಕೊಂಡಿದ್ದಾರೆ ಅಂತ ಎಣಿಸ್ತಾ ಇರೋದು, ಸೊನ್ನೆಯಾದ ಕೂಡಲೇ ಮೆಮೊರಿ ಬಿಟ್ಟುಕೊಡೋದು. ಜಾರ್ಜ್ ಕಾಲಿನ್ಸ್ 1960ರಲ್ಲೇ ಬರೆದಿಟ್ಟ ಉಪಾಯ ಇದು. 1963ರಲ್ಲಿ ಮೆಕ್‌ಬೆತ್ ಅನ್ನೋರು ಅದರ ತೂತು ತೋರಿಸಿದ್ರು: ಇದು ಅದನ್ನ, ಅದು ಇದನ್ನ ಹಿಡ್ಕೊಂಡು ಕೂತ್ರೆ ಎಣಿಕೆ ಸೊನ್ನೆಗೆ ಇಳಿಯೋದೇ ಇಲ್ಲ. ಅದಕ್ಕೇ ಒಂದು ಕಡೆಯಾದ್ರೂ ಎಣಿಕೆಗೆ ಸೇರದೆ ಇರಬೇಕು.

ವೀಕೂ ಸೇರಲ್ಲ, ನಿನ್ನ ಅನ್‌ಓನ್ಡ್ ಅನ್‌ಸೇಫ್, ಅಂದ್ರೆ ಬರೀ ಪಾಯಿಂಟರ್, ಅದೂ ಸೇರಲ್ಲ. ಆಬ್ಜೆಕ್ಟ್ ಇರೋವರೆಗೆ ಎರಡೂ ಒಂದೇ ಥರ ಕಾಣ್ಸುತ್ತೆ. ಅದು ಹೋದಮೇಲೆ ಗುಣ ಗೊತ್ತಾಗೋದು. ವೀಕ್ ತಾನಾಗೇ ನಿಲ್ ಆಗುತ್ತೆ. ಬರೀ ಪಾಯಿಂಟರ್ ಹಳೇ ವಿಳಾಸನೇ ಇಟ್ಕೊಂಡಿರುತ್ತೆ, ಬೇರೆಯವರ ಪಾಲಾದ ಫೋನ್ ನಂಬರ್ ಥರ. ನನಗೆ ನಿಜವಾಗಿ ಭಯ ಯಾವುದು ಗೊತ್ತಾ? ಆ ಜಾಗನ ಇನ್ನೂ ಯಾರೂ ಬಳಸಿರಲ್ಲ, ಹಳೇ ಬೈಟುಗಳು ಹಾಗೇ ಕೂತಿರುತ್ವೆ, ನಿನ್ನ ಟೆಸ್ಟೆಲ್ಲ ಪಾಸಾಗಿಬಿಡುತ್ತೆ. ಕ್ರ್ಯಾಶ್ ಆದ್ರೆ ಪುಣ್ಯ ಅನ್ನು. ಆಗದೆ ಹೊಸದಾಗಿ ಬಂದು ಕೂತ ಆಬ್ಜೆಕ್ಟಿನ ಮೇಲೆ ಬರೆದುಬಿಟ್ರೆ, ತೊಂದರೆ ಇನ್ನೆಲ್ಲೋ ತಲೆ ಎತ್ತುತ್ತೆ. ನಿನ್ನ ಈ ಸಾಲನ್ನ ಯಾರೂ ಅನುಮಾನಿಸಲ್ಲ.

2011ಕ್ಕೆ ಮುಂಚೆ ಐಒಎಸ್‌ಗೆ ಆಬ್ಜೆಕ್ಟಿವ್-ಸಿ ಬರೆಯೋರಿಗೆ ಭಾಷೆಯಲ್ಲೇ ಬೇರೆ ದಾರಿ ಇರಲಿಲ್ಲ. ಡೆಲಿಗೇಟ್ ಅಂದ್ರೆ ‘ಅಸೈನ್’. ಮರೆಯದೆ ಕೈಯಾರೆ ನಿಲ್ ಮಾಡ್ಬೇಕು. ಮರೆತ್ರೆ, ಹೋದ ಆಬ್ಜೆಕ್ಟನ್ನ ಮುಟ್ಟಿದ್ದನ್ನ ಹಿಡಿದುಕೊಡೋ ಝಾಂಬಿ ಆನ್ ಮಾಡ್ಕೊಂಡು ಹುಡುಕ್ತಾ ಕೂರ್ಬೇಕು. ಎಣಿಕೆನ ಕಂಪೈಲರೇ ನೋಡ್ಕೊಳ್ಳೋ ಎಆರ್‌ಸಿ ಬಂದು, ಐಒಎಸ್ 5ರಿಂದ ವೀಕ್ ಸಿಕ್ಕಿದ್ದು ದೊಡ್ಡ ಉಪಕಾರ.

ಇನ್ನೊಂದು ವಿಷಯ ಯಾರೂ ಹೇಳಿಕೊಡಲ್ಲ. ವೀಕನ್ನ ‘ಇಫ್ ಲೆಟ್’ ಹಾಕಿ ಓದ್ತೀಯಲ್ಲ, ಆಗ ನಿನ್ನ ಕೈಗೆ ಬರೋದು ಸ್ಟ್ರಾಂಗ್. ಕೆಲಸದ ನಡುವೆ ಆಬ್ಜೆಕ್ಟ್ ಕೈಕೊಡಲ್ಲ. ಸಿ++ನ ವೀಕ್ ಪಾಯಿಂಟರಿನ ಲಾಕ್, ರಸ್ಟಿನ ವೀಕಿನ ಅಪ್‌ಗ್ರೇಡ್ ಮಾಡೋದೂ ಇದನ್ನೇ.

‘ಹಾಗಾದ್ರೆ ಬರೀ ಅನ್‌ಓನ್ಡ್, ಆಂಟಿ?’ ಅಂತೀಯಾ? ಅದು ಎಷ್ಟೋ ವಾಸಿ. ಹೋದ ಆಬ್ಜೆಕ್ಟನ್ನ ಮುಟ್ಟಿದ್ರೆ ಪ್ರೋಗ್ರಾಮನ್ನ ಅಲ್ಲೇ ನಿಲ್ಲಿಸಿಬಿಡುತ್ತೆ. ಆದ್ರೆ ಅದು ತೋರಿಸ್ತಿರೋ ಆಬ್ಜೆಕ್ಟ್ ತನಗಿಂತ ಮೊದಲು ಹೋಗಲ್ಲ ಅನ್ನೋ ಖಾತ್ರಿ ಇರೋ ಕಡೆ ಮಾತ್ರ ಅದು. ಡೆಲಿಗೇಟಿಗೆ ಆ ಖಾತ್ರಿ ಎಲ್ಲಿಂದ ತರ್ತೀಯಮ್ಮ? ಡೆಲಿಗೇಟ್ ಆಗಿರೋ ಸ್ಕ್ರೀನ್ ಮುಚ್ಚಿ ಹೋದಮೇಲೂ ಸರ್ವರಿನ ಉತ್ತರ ಬರ್ತಾನೇ ಇರುತ್ತೆ.