ಪರೋಪಕಾರಿ ರಾಯರು

ಪುಣೆಯ ಕೋಥರೂಡಿನಲ್ಲಿ ನೆಲೆಸಿರುವ ಧಾರವಾಡ ಕಡೆಯ ನಮ್ಮ ರಾಯರು (ಇಂಥವರು ಪೇಟೆಗೊಬ್ಬರಿರುವುದರಿಂದ ಪೂರ್ಣ ನಾಮಧೇಯದ ಅಗತ್ಯವಿಲ್ಲ) ಉದ್ಯೋಗದಲ್ಲಿದ್ದಷ್ಟು ಕಾಲವೂ ಯಾವ ವಸ್ತುವನ್ನೂ ಹೊಗಳಿದವರಲ್ಲ. ತುಳಶೀಬಾಗಿನಲ್ಲಿ ಒಂದು ಸೌಟು ಕೊಳ್ಳಬೇಕಾದರೂ ಅದರ ಹಿಡಿಯನ್ನು ಬಾಗಿಸಿ ನೋಡಿ, ಅಂಗಡಿಯಿಂದ ಅಂಗಡಿಗೆ ಅಲೆದು, ಕಟ್ಟಕಡೆಗೆ ಕೊಳ್ಳದೆಯೇ ಮರಳುತ್ತಿದ್ದ ಈ ಮಹನೀಯರು ನಿವೃತ್ತಿಯ ತರುವಾಯ ಸಕಲ ಜಡವಸ್ತುಗಳ ಗುಣಗ್ರಾಹಿಗಳಾದುದನ್ನು ಕಂಡು, ವಾರ್ಧಕ್ಯದಲ್ಲಿ ಮನಸ್ಸು ಮಾಗುವುದೆಂದರೆ ಇದೇ ಇರಬೇಕೆಂದು ನಾವು ಭಾವಿಸಿದ್ದೆವು. ಅಳಿಯನು ಅವರನ್ನು ಅಮೆಜಾನಿನ ‘ಅಸೋಸಿಯೇಟ್’ ಆಗಿ ನೋಂದಾಯಿಸಿದ್ದನೆಂಬುದು ಆಮೇಲೆ ತಿಳಿಯಿತು.

ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ಈ ಪದ್ಧತಿಯಂತೆ, ರಾಯರ ಗುರುತು ಅಡಗಿರುವ ಲಿಂಕನ್ನು ಒತ್ತಿ ಒಳಹೊಕ್ಕವನು 24 ಗಂಟೆಯೊಳಗೆ ಕೊಂಡುದರ ಮೇಲೆ, ಅದು ಅವರು ಹೊಗಳಿದ ವಸ್ತುವೇ ಆಗಿರಬೇಕೆಂಬ ನಿರ್ಬಂಧವಿಲ್ಲದೆ, ಅವರಿಗೊಂದು ಅಲ್ಪ ಕಮಿಷನ್ ಸಲ್ಲುತ್ತದೆ. ಸ್ವಂತ ಖರೀದಿಗೂ ಮನೆಯವರ ಖರೀದಿಗೂ ಮಾತ್ರ ಇದು ಸಲ್ಲದು. ಈ ನಿಯಮವನ್ನು ಓದಿದಂದಿನಿಂದ ರಾಯರ ವಾತ್ಸಲ್ಯವೆಲ್ಲವೂ ಮನೆಯ ಹೊಸ್ತಿಲು ದಾಟಿ ಪರರ ಕಡೆಗೇ ಹರಿಯತೊಡಗಿತು. ಸಾರಸಬಾಗಿನ ಮುಂಜಾವಿನ ವಿಹಾರದಲ್ಲಿ ಯಾರಾದರೂ ಮೊಣಕಾಲು ಹಿಡಿದು ಕುಳಿತರೆ ಸಾಕು, “ಅಯ್ಯ, ಚಿಂತೀ ಯಾಕ ಮಾಡ್ತೀರಿ? ಮೊಣಕಾಲ ಪಟ್ಟೀದು ಲಿಂಕ್ ಕಳಸೇನಿ. ಆದ್ರ ಇವತ್ತ ತಗೋರಿ, ನಾಳಿಗೆ ಹಚ್ಚಬ್ಯಾಡ್ರಿ” ಎಂದು ಕನಿಕರಿಸುವರು.

ಯಾವ ಯಾವ ವಸ್ತು ಮಾರಾಟವಾಯಿತೆಂಬುದನ್ನು ಕಂಪನಿಯ ಲೆಕ್ಕ ತೋರಿಸುತ್ತದೆ; ಕೊಂಡವರಾರೆಂಬುದನ್ನು ತೋರಿಸದು. ರಾಯರ ಮನಶ್ಶಾಂತಿ ಕೆಟ್ಟಿರುವುದು ಇದರಿಂದಲೇ. ಅವರು ಶ್ರುತಿಪೆಟ್ಟಿಗೆಯೊಂದನ್ನು ಶಿಫಾರಸು ಮಾಡಿದ ದಿನ ಯಾರೋ ಪುಣ್ಯಾತ್ಮರು ಅದೇ ದಾರಿಯಾಗಿ ಪ್ರವೇಶಿಸಿ ಕೂದಲಿನ ಕಪ್ಪು ಬಣ್ಣವನ್ನೂ ಇಲಿಬೋನನ್ನೂ ಕೊಂಡಿದ್ದರು. ಕುಂದಗೋಳದ ಗುರುವಿನ ಸ್ಮರಣಾರ್ಥವಾಗಿ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಮಹೋತ್ಸವದಲ್ಲಿ, ಇಲಿಬೋನು ಮಾರಾಟವಾದ ಆ ವರ್ಷ ಸಭೆಗೆ ಸಭೆಯೇ ಗಾಂಧಾರದಲ್ಲಿ ತಲ್ಲೀನವಾಗಿರಲು, ರಾಯರೊಬ್ಬರು ಮಾತ್ರ ಮುಂದಿನ ಸಾಲುಗಳ ತಲೆಗಳನ್ನು ಒಂದೊಂದಾಗಿ ಪರಾಮರ್ಶಿಸುತ್ತಿದ್ದರು. ವಿರಾಮದಲ್ಲಿ ನನ್ನ ಕಿವಿಯ ಬಳಿ ಬಾಗಿ, “ಬಣ್ಣದವರು ಸಿಕ್ರು, ಇಲಿ ಯಾರ ಮನ್ಯಾಗವ ಅನ್ನೂದು ತಿಳೀವಲ್ದು” ಎಂದರು.

ಪ್ರತಿಫಲವಿರುವ ಶಿಫಾರಸುಗಳಲ್ಲಿ ಅದನ್ನು ಸ್ಪಷ್ಟವಾದ ಸರಳ ಭಾಷೆಯಲ್ಲಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದಾಗ, ಕಾನೂನಿಗೆ ಅಂಜುವ ರಾಯರು ಒಡನೆಯೇ ತಲೆಬಾಗಿದರು. ‘ಕಿಂಚಿತ್ ಪ್ರತಿಫಲಾಪೇಕ್ಷಾಸಹಿತಮ್’ ಎಂದು ಪ್ರತಿ ಸಂದೇಶದ ಕೊನೆಗೆ ಬರೆಯತೊಡಗಿದರು. ಅದನ್ನು ಆಶೀರ್ವಚನವೆಂದು ತಿಳಿದ ಕೆಲವರು ಕೈಮುಗಿದ ಚಿತ್ರ ಕಳುಹಿಸಿದ್ದೂ ಉಂಟು.

ಇತ್ತೀಚೆಗೆ ತಾಮ್ರದ ಪಾತ್ರೆಯ ನೀರಿನ ಮಹಿಮೆಯನ್ನು ಅವರು ಸಾರುತ್ತಿದ್ದಾರೆ. ಅವರ ಪತ್ನಿಯಾದರೋ, “ನಿಮ್ಮ ಲಿಂಕಿನ್ಯಾಗ ನಾ ತಗೊಂಡ್ರ ನಿಮಗೂ ಏನೂ ಸಿಗಂಗಿಲ್ಲ, ನನಗೂ ತೂಕಾ ಮಾಡಿ ಕೊಡಂಗಿಲ್ಲ” ಎಂದು, ಪೇಶ್ವೆಯರ ಕಾಲದಿಂದ ತಾಮ್ರ ಬಡಿಯುತ್ತ ಬಂದಿರುವ ಕಸಬಾ ಪೇಟೆಯ ತಾಂಬಟ ಆಳಿ ಎಂಬ ಓಣಿಗೆ ಹೋಗಿ, ಮೈತುಂಬ ಸುತ್ತಿಗೆಯ ಪೆಟ್ಟಿನ ಗುರುತುಗಳು ಮಿನುಗುವ ಭರ್ಜರಿ ಕೊಡವೊಂದನ್ನು ಚೌಕಾಸಿ ಮಾಡಿ ತಂದರು. ರಾಯರು ಅದರ ಛಾಯಾಚಿತ್ರ ತೆಗೆದು, ‘ನಾವೇ ಬಳಸುತ್ತಿರುವುದು’ ಎಂಬ ಒಕ್ಕಣೆಯೊಡನೆ, ಬೇರೊಂದು ನುಣುಪಾದ ಕೊಡದ ಲಿಂಕನ್ನು ಎಲ್ಲರಿಗೂ ಕಳುಹಿಸಿದರು. ಮನೆಗೇ ಬಂದು ಎರಡನ್ನೂ ಹೋಲಿಸಿ ನೋಡಿದ ನೆರೆಯವರೊಬ್ಬರು, “ಈ ಚುಕ್ಕಿಗೋಳು ಅದಕ್ಕ ಕಾಣವಲ್ವಲ್ರೀ?” ಎಂದು ಸಂಶಯಪಟ್ಟಾಗ, ರಾಯರು ಕಿಂಚಿತ್ತೂ ವಿಚಲಿತರಾಗದೆ ನುಡಿದರು: “ಬಳಸಿಧಾಂಗ ಬರ್ತಾವ, ತಗೋರಿ.”